ಹೆಸರಿನ ನುಡಿ

ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹಾರ್ಮೋನಿಯಮ್ಮಿನ ಹರಿದ ತಿದಿಗೆ ತೊಗಲಿನ ಚೂರು ಅಂಟಿಸುತ್ತಿದ್ದೆ. ಕೈಯೆಲ್ಲ ಅಂಟು. ಅಷ್ಟರಲ್ಲಿ ಫೋನು ಬಂತು. ಮುಂಬೈಯಿಂದ ಒಬ್ಬ ಹುಡುಗಿ. ತಾಯಿ ಗದಗಿನ ಕಡೆಯವಳಂತೆ, ಹಾಗಾಗಿ ಕನ್ನಡ ಬರುತ್ತಿತ್ತು, ಆದರೆ ಪುಸ್ತಕ ನೋಡಿ ಓದಿದಂತೆ ಮಾತಾಡುತ್ತಿದ್ದಳು. ಯಾರಿಗೂ ನೆನಪಿಲ್ಲದ, ಸಿನಿಮಾದ್ದಲ್ಲದ ಹಳೆಯ ಹಾಡುಗಳನ್ನು ಹುಡುಕುವುದು, ಮಾಡಿದವರಿಂದಲೇ ಹೊಸದಾಗಿ ರೆಕಾರ್ಡ್ ಮಾಡಿಸುವುದು, ಆಮೇಲೆ ಜಾಹೀರಾತಿನವರಿಗೆ, ಸಿನಿಮಾದವರಿಗೆ ಲೈಸೆನ್ಸ್ ಕೊಡಿಸುವುದು ಅವಳ ಕಂಪನಿಯ ಕೆಲಸ. ಇದಕ್ಕೆ ಅವರು ‘ರೀವರ್ಕ್’ ಅನ್ನುತ್ತಾರಂತೆ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ನಮ್ಮಲ್ಲಿ ಮೊದಲೇ ಒಂದು ಹೆಸರಿದೆ ತಾಯಿ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

“ಸರ್, ‘ಸಣ್ಣ ಹೆಜ್ಜಿ’ ಹಾಡಿಗೆ ರಾಗ ಹಾಕಿದವರು ನೀವೇನಾ?” ಎಂದು ಕೇಳಿದಳು.

ಎಷ್ಟೋ ವರ್ಷಗಳಿಂದ ಆ ಹಾಡಿನ ಸುದ್ದಿಯನ್ನು ನನ್ನ ಮುಂದೆ ಯಾರೂ ತೆಗೆದಿರಲಿಲ್ಲ. ಹೌದು ಎಂದೆ.

ಯಾರೋ ಪುಣ್ಯಾತ್ಮರು ನಮ್ಮ ಹಳೆಯ ಕ್ಯಾಸೆಟ್ಟಿನಿಂದ ಆ ಹಾಡನ್ನು ಇಳಿಸಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಮಕ್ಕಳ ಬೂಟು ಮಾಡುವ ಒಂದು ಕಂಪನಿಗೆ ಅದು ಬಹಳ ಹಿಡಿಸಿತ್ತು. “ಎಷ್ಟು ಖುಷಿಯ ಹಾಡು ಸರ್, ಕೇಳಿದಾಗಲೆಲ್ಲ ನಮ್ಮ ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ” ಎಂದಳು. ಖುಷಿಯ ಹಾಡು ಅಂದದ್ದು ಏಕೆಂದು ತಿಳಿಯದೆ, ಆಮೇಲೆ ನಾನೇ ಅದನ್ನು ಫೋನಿನಲ್ಲಿ ಹುಡುಕಿ ಕೇಳಿದೆ. ಟೇಪಿನ ಕೊನೆ ಎಲ್ಲೋ ಸುತ್ತಿಕೊಂಡು ಹಾಳಾಗಿತ್ತೇನೋ, ಇಳಿಸಿದವರು ಕೆಟ್ಟ ಭಾಗವನ್ನು ತೆಗೆದುಹಾಕಿದ್ದರು. ಹಾಡು ಮೂರನೆಯ ನುಡಿಗೇ ಮುಗಿದುಹೋಗುತ್ತಿತ್ತು. ನಾಲ್ಕನೆಯದು ಇರಲೇ ಇಲ್ಲ.

ಆ ನಾಲ್ಕನೆಯ ನುಡಿಯ ಸಲುವಾಗಿಯೇ ನಾನಿದನ್ನು ಬರೆಯುತ್ತಿರುವುದು.

ಹಾಡು ಕಟ್ಟಿ ಹಾಡಿದವನು ನನ್ನ ಗೆಳೆಯ. ತಾರಿಹಾಳದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಕಬ್ಬಿಣ ಕಡೆಯುತ್ತಿದ್ದ. ನಮ್ಮದು ಹತ್ತಿಯ ಅಡತಿ ವ್ಯಾಪಾರದ ಮನೆ. ಹಣೆಗೆ ಇಬ್ಬತ್ತಿ ಹಚ್ಚಿಕೊಂಡು ಅಂಗಡಿಗೆ ಹೋಗಬೇಕಾದ ಮಗ ಹಾರ್ಮೋನಿಯಂ ಬಾರಿಸುವುದನ್ನು ನಮ್ಮಪ್ಪ ಒಂದು ರೋಗವೆಂದೇ ತಿಳಿದಿದ್ದರು. ಕೊನೆಗೆ ನಾನು ಅಂಗಡಿಗೂ ಹೋಗಲಿಲ್ಲ, ದೊಡ್ಡ ಕಲಾವಿದನೂ ಆಗಲಿಲ್ಲ. ಸಾಲಿಯಲ್ಲಿ ಸಂಗೀತದ ಮಾಸ್ತರನಾದೆ. ಅವನು ಸಂಜೆ ಕೆಲಸ ಬಿಟ್ಟವನೇ ಮೈಯಲ್ಲಿ ಎಣ್ಣೆಯ ವಾಸನೆ ಇಟ್ಟುಕೊಂಡು ನೇರ ನಮ್ಮ ಮನೆಗೆ ಬರುತ್ತಿದ್ದ. ಅವನು ಮಾತು ಕಟ್ಟುವುದು, ನಾನು ರಾಗ ಕೂಡಿಸುವುದು. ಜಗಳ ಮಾತ್ರ ಇಬ್ಬರೂ ಸೇರಿ ಮಾಡುತ್ತಿದ್ದೆವು.

ಅವನು ಹಾಡು ಕಲಿತದ್ದು ತನ್ನ ಅಪ್ಪನ ಮೊಹರಮ್ ಹಾಡಿನ ಮೇಳದಲ್ಲಿ. ಆ ಹಾಡುಗಳಲ್ಲಿ ಒಂದು ಪದ್ಧತಿ ಇದೆ. ಕೊನೆಯ ನುಡಿಯಲ್ಲಿ ಊರ ಹೆಸರು ಬರಬೇಕು, ಹಾಡು ಕಟ್ಟಿದವನ ಹೆಸರು ಬರಬೇಕು. ಅದನ್ನು ಅವನು ಹೆಸರಿನ ನುಡಿ ಎನ್ನುತ್ತಿದ್ದ. ಕೇಳುವವರು ಎಲ್ಲರೂ ಎದ್ದು ಹೋದರೂ ಅದನ್ನು ಹಾಡದೆ ಮೇಳ ಏಳುವಂತಿಲ್ಲ. ಮೊಹರಮ್ ಬಿಟ್ಟು ಬೇರೆ ಹಾಡು ಕಟ್ಟುವಾಗಲೂ ಅವನು ಈ ಪದ್ಧತಿ ಬಿಡಲಿಲ್ಲ. ಮಾವಿನಕಾಯಿಯ ಮೇಲೆ ಹಾಡು ಕಟ್ಟಿದರೂ ಕೊನೆಗೆ ಹುಬ್ಬಳ್ಳಿ ಬರುತ್ತಿತ್ತು, ಇವನ ಹೆಸರು ಬರುತ್ತಿತ್ತು. “ಹೆಸರಿನ ನುಡಿ ಬಿಟ್ರ ಹಾಡು ಪರದೇಶಿ ಆಗ್ತೈತ್ರಿ ಮಾಸ್ತರ. ಯಾರ ಮನೀದು ಅಂತ ಕೇಳಿದ್ರ ಏನ್ ಹೇಳಬೇಕದು?” ಎನ್ನುತ್ತಿದ್ದ.

ಒಮ್ಮೆ ಧಾರವಾಡದ ಒಂದು ಸಮಾರಂಭದಲ್ಲಿ ಮುಖ್ಯ ಅತಿಥಿಗಳಿಗೆ ಹೊತ್ತಾಯಿತೆಂದು ಸಂಘಟಕರು ಹಾಡು ನಿಲ್ಲಿಸಲು ಸನ್ನೆ ಮಾಡಿದರು. ಇವನು ಕಣ್ಣು ಮುಚ್ಚಿಕೊಂಡ. ಅವರು ಮೈಕು ಬಂದ್ ಮಾಡಿದರು. ಇವನು ಬರಿಯ ಗಂಟಲಲ್ಲೇ ಕೊನೆಯ ನುಡಿ ಮುಗಿಸಿ, ನಮಸ್ಕಾರ ಮಾಡಿ, ಚಪ್ಪಲಿ ಹುಡುಕಿಕೊಂಡು ಹೊರಟ. ಹಿಂದೆ ಹಾರ್ಮೋನಿಯಂ ಹೊತ್ತುಕೊಂಡು ಮರ್ಯಾದೆ ಕಳೆದುಕೊಂಡವನು ನಾನು. ಆ ಸಂಘಟಕರು ಮತ್ತೆ ನಮ್ಮನ್ನು ಕರೆಯಲಿಲ್ಲ.

ಅವನಿಗೆ ಒಬ್ಬಳೇ ಮಗಳು, ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದವಳು. ಸೈಕಲ್ಲಿನ ಮುಂದೆ ಒಂದು ಸಣ್ಣ ಸೀಟು ಹಾಕಿಸಿ ಅವಳನ್ನು ನಮ್ಮ ಮನೆಗೆ ಕರೆತರುತ್ತಿದ್ದ. ಕಾಲಲ್ಲಿ ಗೆಜ್ಜೆ. ಬಂದವಳೇ ನನ್ನ ಹಾರ್ಮೋನಿಯಮ್ಮಿನ ಗುಂಡಿಗಳನ್ನೆಲ್ಲ ಎಳೆದು ಇಡುತ್ತಿದ್ದಳು. ನಾನು ಬೈಯುವವನು, ಅವಳು ನಗುವವಳು. ಸಾಲಿಗೆ ಹಾಕುವ ವಯಸ್ಸಿನಲ್ಲಿ ಜ್ವರ ಬಂತು. ಮೂರು ದಿನದ ಜ್ವರ. ಅವಳು ಉಳಿಯಲಿಲ್ಲ.

ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಅವನು ನಮ್ಮ ಮನೆಗೆ ಬರಲಿಲ್ಲ. ನಾನೂ ಹಾರ್ಮೋನಿಯಮ್ಮಿನ ಪೆಟ್ಟಿಗೆ ತೆರೆಯಲಿಲ್ಲ. ಒಂದು ಸಂಜೆ ಬಂದ. ಸೈಕಲ್ಲಿನ ಮುಂದಿನ ಸೀಟು ಹಾಗೆಯೇ ಇತ್ತು, ಬಿಚ್ಚಿಸಿರಲಿಲ್ಲ. “ಒಂದು ಹಾಡೈತಿ, ಸುರ ಹಿಡೀರಿ” ಎಂದ.

ಅಂಗಳಕ ಬಂತವ್ವ ಸಣ್ಣ ಹೆಜ್ಜಿ,
ಅಗಳಿ ತೆಗಿಯವ್ವ ಕೇಳಿ ಗೆಜ್ಜಿ.

ಮೊದಲ ನುಡಿಯಲ್ಲಿ ಮಗು ಅಂಗಳಕ್ಕೆ ಬರುತ್ತದೆ. ಎರಡನೆಯದರಲ್ಲಿ ತಾಯಿ ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಕಾಲಿಟ್ಟು, ಮನೆ ತುಂಬ ಬೆಳ್ಳನೆಯ ಹೆಜ್ಜೆ ಮೂಡಿಸುತ್ತ ಓಡುತ್ತದೆ. ಮೂರನೆಯದರಲ್ಲಿ ಅಪ್ಪನ ಚಪ್ಪಲಿ ಮೆಟ್ಟಿ, ಪಟಾಪಟಾ ಸಪ್ಪಳ ಮಾಡಿಕೊಂಡು ಓಣಿಗೆ ಹೊರಡುತ್ತದೆ. ಕೇಳುತ್ತ ಕೇಳುತ್ತ ನನ್ನ ಬೆರಳುಗಳು ತಾವೇ ಹಿಂದೆ ಓಡಿದವು. ದೇವರೇ, ಇವನು ದುಃಖದಿಂದ ಈಚೆಗೆ ಬಂದ ಎಂದು ನನಗೆ ನಿಜವಾಗಿಯೂ ಸಂತೋಷವಾಯಿತು. ಆಗ ಅವನು ನಾಲ್ಕನೆಯದನ್ನು ಎತ್ತಿಕೊಂಡ.

ಅದೇ ರಾಗ, ಅದೇ ಓಟ. ಹುಬ್ಬಳ್ಳಿ ಊರಾಗ ಮಣ್ಣ ಹೊದ್ದು ಮಲಗ್ಯಾಳ, ಎಂದು ಶುರುವಾಯಿತು. ಯಾರು ಮಲಗಿದ್ದಾಳೆ ಎಂದು ಹೇಳಬೇಕಾದಲ್ಲಿ, ಯಾವಾಗಲೂ ತನ್ನ ಹೆಸರು ಹಾಡುತ್ತಿದ್ದ ಜಾಗದಲ್ಲಿ, ಮಗಳ ಹೆಸರು ಹಾಡಿದ. ನನ್ನ ಕೈಗಳು ನಿಂತವು. ಅವನ ದನಿ ನಿಲ್ಲಲಿಲ್ಲ.

ಮೇಳದ ಹಿರಿಯರಿಗೆ ಇದು ಸರಿಬರಲಿಲ್ಲ. ಪದ್ಧತಿ ಮುರಿದೆ ಎಂದರು. “ಬರದಾವನ ಹೆಸರಿನ ಜಾಗಾದಾಗ ಕೂಸಿನ ಹೆಸರು ಹಾಕ್ತಾರೇನೊ? ಈ ಹಾಡು ಮಾಡಿದಾವ್ರು ಯಾರು ಅಂತ ನಾಳೆ ಜನಕ್ಕ ಹೆಂಗ ತಿಳೀಬೇಕು?” ಎಂದು ಒಬ್ಬ ಮುದುಕರು ನನ್ನೆದುರೇ ಕೇಳಿದರು. ಅವನು ಬಹಳ ಮೆಲ್ಲಗೆ, “ಈ ಹಾಡು ಮಾಡಿದಾಕಿ ಅಕೀನರಿ ಕಾಕಾ” ಎಂದ.

ಗೋಡೆಗೆ ಗಾದಿ ಕಟ್ಟಿದ ಒಂದು ಬಾಡಿಗೆ ಕೋಣೆಯಲ್ಲಿ ಅದನ್ನು ಕ್ಯಾಸೆಟ್ಟಿಗೆ ಹಾಡಿದೆವು. ಹತ್ತಿರದಲ್ಲೇ ರೈಲು ಹಳಿ. ಗೂಡ್ಸ್ ಗಾಡಿ ಬಂದಾಗ ನಿಲ್ಲಿಸಿ, ಅದು ಹೋದ ಮೇಲೆ ಮತ್ತೆ ಶುರು ಮಾಡುತ್ತಿದ್ದೆವು. ಕ್ಯಾಸೆಟ್ಟು ತಕ್ಕಮಟ್ಟಿಗೆ ಓಡಿತು, ಆಮೇಲೆ ಕ್ಯಾಸೆಟ್ಟುಗಳೇ ಹೋದವು. ಆದರೆ ಹಳೇ ಹುಬ್ಬಳ್ಳಿಯ ಅವನ ಮನೆಗೆ ನಾನು ಹೋದಾಗಲೆಲ್ಲ ನಾವಿಬ್ಬರೂ ಅದನ್ನು ಹಾಡುತ್ತಿದ್ದೆವು. ಅವನ ಹೆಂಡತಿ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಮೂರನೆಯ ನುಡಿ ಮುಗಿಯುವ ಹೊತ್ತಿಗೆ, “ಚಹಾ ಇಡ್ತೇನಿ” ಎಂದು ಎದ್ದು ಒಳಗೆ ಹೋಗುತ್ತಿದ್ದಳು. ಹಾಡು ಮುಗಿಯುವುದಕ್ಕೂ ಕಪ್ಪು ಬಸಿ ಬರುವುದಕ್ಕೂ ಸರಿಹೋಗುತ್ತಿತ್ತು. “ತಾಳ ನಮಗಿಂತ ನಿಮಗ ಛಲೋ ಗೊತ್ತೈತಿ ನೋಡ್ರಿ” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸಣ್ಣಗೆ ನಗುತ್ತಿದ್ದಳು. ಚಹಾದಲ್ಲಿ ಯಾವಾಗಲೂ ಏಲಕ್ಕಿ ಇರುತ್ತಿತ್ತು.

ಗೆಳೆಯ ಹೋಗಿ ಈಗ ಕೆಲವು ವರ್ಷಗಳಾದವು. ಎದೆನೋವು ಎಂದವನು ಆಟೋ ಬರುವುದರೊಳಗೆ ಹೋದ. ಹೇಳುವುದಕ್ಕೆ ನಾಚಿಕೆ ಏನು, ನಾನು ಅವನಿಗಾಗಿ ಅತ್ತಷ್ಟು ನಮ್ಮಪ್ಪನಿಗಾಗಿ ಅತ್ತಿಲ್ಲ.

ಹೀಗಿರುವಾಗ ಮುಂಬೈ ಹುಡುಗಿಯ ಫೋನು ಬಂದದ್ದು. ಹಳೆಯ ಟೇಪಿನ ಮೂಲ ಪ್ರತಿ ಎಲ್ಲೂ ಇರಲಿಲ್ಲ, ಹೊಸದಾಗಿಯೇ ಹಾಡಿಸಬೇಕಿತ್ತು. ಧಾರವಾಡದ ಲಕಮನಹಳ್ಳಿಯಲ್ಲಿ, ಕಾರ್ಖಾನೆಯ ಶೆಡ್ಡುಗಳ ನಡುವೆ ಒಂದು ಸ್ಟುಡಿಯೋ ಇದೆ. ಅದನ್ನು ಗೊತ್ತುಮಾಡಿದರು. ಹಾಡಲು ಸಂಗೀತ ಕಾಲೇಜಿನ ಒಬ್ಬ ಹುಡುಗಿ ಬಂದಳು, ಜೇನಿನಂಥ ಗಂಟಲು. ಓಟ ಹೆಚ್ಚಿಸಬೇಕು ಎಂದರು, ಹೆಚ್ಚಿಸಿದೆ. ಗಿಟಾರು ಬೇಕು ಎಂದರು, ಹಾಕಿರಿ ಎಂದೆ. ನಡುವೆ ಯಾರೋ ಸಿಳ್ಳೆ ಹೊಡೆಯಬೇಕಂತೆ, ಅದಕ್ಕೂ ಒಪ್ಪಿದೆ. ಮೂಗು ಕೊಯ್ದುಕೊಂಡರೂ ನಾಲಗೆ ಉಳಿಯಲಿ ಎಂಬ ಲೆಕ್ಕ ನನ್ನದು. ನಾಲ್ಕನೆಯ ನುಡಿ ಇದ್ದರೆ ಸಾಕಿತ್ತು. ಅವನೂ ಹೋದ ಮೇಲೆ ಆ ಮಗುವಿನ ಹೆಸರನ್ನು ಗಟ್ಟಿಯಾಗಿ ಹೇಳುವವರು ಯಾರೂ ಉಳಿದಿರಲಿಲ್ಲ. ತಾಯಿಯ ಬಾಯಲ್ಲಿ ಆ ಹೆಸರನ್ನು ನಾನು ಅಂದಿನಿಂದ ಒಮ್ಮೆಯೂ ಕೇಳಿರಲಿಲ್ಲ. ಈಗ ಊರೂರಿನ ಮೊಬೈಲುಗಳಲ್ಲಿ ಅದು ಕೇಳಿಸುತ್ತದೆ ಎಂಬ ಆಸೆಯೊಂದೇ ನನ್ನನ್ನು ಬಸ್ಸು ಹತ್ತಿಸಿ ಲಕಮನಹಳ್ಳಿಗೆ ಕರೆದೊಯ್ಯುತ್ತಿತ್ತು.

ಹುಡುಗಿ ಮೂರು ನುಡಿಗಳನ್ನು ಕುಣಿಯುತ್ತ ಹಾಡಿದಳು. ನಾಲ್ಕನೆಯದನ್ನು ಹೇಳಿಕೊಟ್ಟಾಗ ಕಿವಿಯ ಮೇಲಿನ ಹೆಡ್‌ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಸರ್, ಈ ಹೆಸರು ಯಾರ್ದ್ರಿ?”

“ಹಾಡಿನ ಹೆಸರವ್ವ ಅದು. ಹಾಡು” ಎಂದೆ.

ಅವಳು ಹಾಡಿದಳು. ಹೊರಗೆ ಬಂದು ನೀರು ಕುಡಿದು, ನನ್ನ ಕಾಲು ಮುಟ್ಟಿ ಹೋದಳು.

ಮಾರನೆಯ ದಿನ ಮುಂಬೈಯಿಂದ ಫೋನು. ಈ ಸಲ ಅವಳ ಪುಸ್ತಕದ ಕನ್ನಡ ತಡವರಿಸುತ್ತಿತ್ತು. ತಾವು ಕೇಳಿದ್ದು ಮೂರೇ ನುಡಿ, ಹಾಡಿಗೆ ಹೀಗೊಂದು ಕೊನೆ ಇದೆಯೆಂದು ಗೊತ್ತೇ ಇರಲಿಲ್ಲ ಎಂದಳು. “ಕ್ಷಮಿಸಿ ಸರ್. ಆದರೆ ಇದು ಮಕ್ಕಳ ಬೂಟಿನ ಜಾಹೀರಾತು. ಈ ನುಡಿಯನ್ನು ಇಡಲು ಸಾಧ್ಯವೇ ಇಲ್ಲ.” ಸರಿ, ಜಾಹೀರಾತಿಗೆ ಮೂರು ಇರಲಿ, ಪೂರ್ತಿ ಹಾಡು ಬೇರೆ ಕಡೆ ಬರಲಿ ಎಂದೆ. ಅದೂ ಆಗದಂತೆ. ಲೈಸೆನ್ಸ್ ಕೊಟ್ಟ ಮೇಲೆ ಮೂರು ನುಡಿಯದೇ ಹಾಡು. ನಾಲ್ಕು ನುಡಿಯದನ್ನು ನಾನಾಗಲಿ ಅವರಾಗಲಿ ಎಲ್ಲಿಯೂ ಹೊರತರುವಂತಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ. ಗೆಳೆಯನ ವರ್ಕ್‌ಶಾಪಿನಲ್ಲಿಯೂ ರೀವರ್ಕ್ ಎಂಬ ಮಾತಿತ್ತು. ಅಳತೆಗೆ ಕೂಡದೆ ವಾಪಸು ಬಂದ ಸಾಮಾನುಗಳ ಒಂದು ಬುಟ್ಟಿಯೇ ಅವನ ಕಾಲ ಹತ್ತಿರ ಇರುತ್ತಿತ್ತು. “ದಪ್ಪ ಉಳದದ್ದನ್ನ ಇನ್ನಷ್ಟು ಕಡೀಬಹುದು ಮಾಸ್ತರ. ಕಡದು ತೆಗದದ್ದನ್ನ ಹೊಳ್ಳಿ ಅಂಟಸಾಕ ಬರೂದಿಲ್ಲ” ಎನ್ನುತ್ತಿದ್ದ. ಫೋನು ಇಟ್ಟ ಮೇಲೆ ಆ ಮಾತೇ ಕಿವಿಯಲ್ಲಿ ಕೂತಿತು. ನಾನು ಸಹಿ ಮಾಡುವುದಿಲ್ಲ ಎಂದು ನಿಶ್ಚಯಿಸಿದೆ. ಆದರೆ ಮಾತು ಬರೆದವನ ಕಡೆಯಿಂದ ಅವನ ಹೆಂಡತಿಯ ಸಹಿಯೂ ಬೇಕಿತ್ತು. ಬೇಡ ಎನ್ನುವ ಹಕ್ಕು ನನಗಿಂತ ಅವಳದು ದೊಡ್ಡದು. ಅವಳ ಬಾಯಿಂದಲೇ ಬೇಡವೆಂದು ಹೇಳಿಸಿ, ಅದನ್ನು ಮುಂಬೈಗೆ ಮುಟ್ಟಿಸಬೇಕೆಂದು ಹಳೇ ಹುಬ್ಬಳ್ಳಿಗೆ ಹೊರಟೆ.

ಅವಳು ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದುಕೊಂಡು ಬಂದು, ಯಾವಾಗಲೂ ಕೂರುವ ಜಾಗದಲ್ಲೇ ಗೋಡೆಗೆ ಒರಗಿ ಕೂತಳು. ಓಣಿಯ ಹೆಂಗಸರ ಬಟ್ಟೆ ಹೊಲಿಯುವ ಮಷೀನು ಕಿಟಕಿಯ ಕೆಳಗಿತ್ತು. ಗೆಳೆಯ ಕೂರುತ್ತಿದ್ದ ಚಾಪೆಯ ಮೇಲೆ ಹೊಲಿಯಬೇಕಾದ ಬಟ್ಟೆಗಳನ್ನು ಮಡಿಸಿ ಇಟ್ಟಿದ್ದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಬೂಟಿನ ಕಂಪನಿ, ಮೂರು ನುಡಿ, ಇನ್ನು ಮೇಲೆ ನಾಲ್ಕನೆಯದು ಎಲ್ಲೂ ಬರುವುದಿಲ್ಲ ಎಂಬುದು. ನನ್ನ ಸಿಟ್ಟನ್ನೂ ಸ್ವಲ್ಪ ಸೇರಿಸಿಯೇ ಹೇಳಿದೆ.

“ನಾಕನೇದು ಇಲ್ಲೇನ್ರಿ ಅದರಾಗ?” ಎಂದು ಕೇಳಿದಳು.

“ಇಲ್ಲ. ತಗದು ಹಾಕ್ಯಾರ.”

“ಹಚ್ರಿ, ಕೇಳೋಣು.”

ಫೋನನ್ನು ಅವಳ ಹತ್ತಿರ ನೆಲದ ಮೇಲಿಟ್ಟು, ಮುಂಬೈಯವರು ಕತ್ತರಿಸಿ ಕಳಿಸಿದ್ದ ಹಾಡನ್ನು ಹಚ್ಚಿದೆ. ಗಿಟಾರು ಬಂತು, ಸಿಳ್ಳೆ ಬಂತು, ಹುಡುಗಿಯ ದನಿ ಬಂತು. ಮಗು ಅಂಗಳಕ್ಕೆ ಬಂತು. ಹಿಟ್ಟಿನಲ್ಲಿ ಕಾಲಿಟ್ಟು ಮನೆ ತುಂಬ ಓಡಿತು. ಅಪ್ಪನ ಚಪ್ಪಲಿ ಮೆಟ್ಟಿತು. ಮೂರನೆಯ ನುಡಿ ಮುಗಿಯುತ್ತ ಬಂದಂತೆ, ಎಷ್ಟೋ ವರ್ಷದ ರೂಢಿಯಿಂದ, ನಾನು ಕಾಲು ಮಡಚಿಕೊಂಡು ಅವಳು ಎದ್ದು ಹೋಗಲು ದಾರಿ ಬಿಟ್ಟೆ. ಅವಳು ಏಳಲಿಲ್ಲ. ಹಾಡು ಮುಗಿಯಿತು. ಅವಳು ಹಾಗೆಯೇ ಕೂತಿದ್ದಳು.

ಆಗ ನನಗೆ ತಿಳಿಯಿತು. ಇಷ್ಟು ವರ್ಷ ನಾನು ಕುಡಿದದ್ದು ಎಂಥ ಚಹಾ ಎಂದು.

“ಹಿಂಗ ಇರ್ಲಿ ಬಿಡ್ರಿ ಅಣ್ಣಾರ” ಎಂದಳು.

ನಾನು ವಾದ ಮಾಡಿದೆ. ಮಾಸ್ತರನ ಚಟ, ಸುಮ್ಮನಿರಲು ಬರುವುದಿಲ್ಲ. “ಹೆಸರಿನ ನುಡಿ ಬಿಟ್ಟು ಅಂವ ಒಮ್ಮಿನೂ ಹಾಡ್ಲಿಲ್ಲ. ಮೈಕ್ ಬಂದ್ ಮಾಡಿದ್ರೂ ಬಿಡ್ಲಿಲ್ಲ. ಅಕಿ ಹೆಸರು ಇರೂದು ಅದೊಂದ ಕಡೆ. ಅದೂ ಹೋದ್ರ ಏನ್ ಉಳೀತು?”

ಅವಳು ಚಾಪೆಯ ಮೇಲಿನ ಬಟ್ಟೆಗಳನ್ನು ಒಂದು ಬದಿಗೆ ಸರಿಸಿದಳು.

“ಅವರಿಗೆ ಹಾಡಿದ್ರ ಹಗುರ ಆಗ್ತಿತ್ರಿ. ಅದಕ್ಕ ನಾ ಒಂದಿನಾನೂ ಬ್ಯಾಡ ಅನ್ಲಿಲ್ಲ. ಆದ್ರ ಅವರು ಹಾಡಿದಾಗೊಮ್ಮಿ ಅಕಿ ಮತ್ತ ಹೊಳ್ಳಿ ಸಾಯ್ತಿದ್ಲು. ನಾ ಒಳಗ ಕುಂತು ಸ್ಟೋವಿನ ಸಪ್ಪಳ ಜೋರ್ ಮಾಡ್ತಿದ್ದೆ, ಕೇಳಬಾರ್ದಂತ. ಕೇಳಸ್ತಿತ್ತು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಈ ಹಾಡಿನ್ಯಾಗ ಅಕಿ ಚಪ್ಪಲಿ ಹಾಕ್ಕೊಂಡು ಓಣ್ಯಾಗ ಹೊಂಟಾಳ. ಇನ್ನೂ ಏನೂ ಆಗಿಲ್ಲ ಅಕಿಗೆ. ಅಡ್ಡಾಡ್ಲಿ ಬಿಡ್ರಿ.”

ನಾನು ಇಬ್ಬರ ನಡುವೆ ಸಿಕ್ಕಿಬಿದ್ದೆ. ಒಬ್ಬ ಮಣ್ಣಲ್ಲಿದ್ದ, ಒಬ್ಬಳು ನನ್ನ ಮುಂದೆ ಕೂತಿದ್ದಳು. ಚೀಲದಿಂದ ಕಂಪನಿಯ ಒಪ್ಪಂದದ ಕಾಗದ ತೆಗೆದು ಕೊಟ್ಟೆ. ಅವಳು ಸಹಿ ಮಾಡಿದಳು, ಅದರ ಕೆಳಗೆ ನಾನು ಮಾಡಿದೆ.

ಈಗ ಆ ಜಾಹೀರಾತು ಟಿವಿಯಲ್ಲಿ ಬರುತ್ತದೆ. ಕೇಶ್ವಾಪುರದ ಅಂಗಡಿಗಳ ಮುಂದೆ ಜನ ಅದನ್ನು ನೋಡಿ ನಗುತ್ತಾರೆ, ಮಕ್ಕಳು ಪಟಾಪಟಾ ಎಂದು ಕಾಲು ಬಡಿಯುತ್ತವೆ. ಒಂದೊಂದು ದಿನ ನಾನು ಬಾಗಿಲು ಮುಂದೆಳೆದುಕೊಂಡು ನಾಲ್ಕೂ ನುಡಿ ಹಾಡುತ್ತೇನೆ, ಗೆಳೆಯನಿಗೆ ಕೊಡಬೇಕಾದ್ದು ಕೊಟ್ಟಂತಾಗಲಿ ಎಂದು. ಹೆಸರು ಬರುವ ಕಡೆ ಬರಿಯ ಸುರ ಹಿಡಿದು ದಾಟಿಬಿಡುತ್ತೇನೆ. ಆ ಹೆಸರು ನನಗೆ ಮರೆತಿಲ್ಲ. ಇಲ್ಲಿ ಅದನ್ನು ಬರೆಯದಿರುವುದು ಆ ತಾಯಿಯ ಸಲುವಾಗಿ.

ಅವತ್ತು ಸಹಿ ಮಾಡಿದ ಮೇಲೆ ನಾನು ಏಳಲು ಹೋದೆ. “ಇನ್ನೊಮ್ಮೆ ಹಚ್ರಿ” ಎಂದಳು. ಹಚ್ಚಿದೆ. ಮುಗಿಯಿತು. “ಇನ್ನೊಮ್ಮೆ” ಎಂದಳು. ಹೊರಗೆ ಬಿಸಿಲು ಇಳಿದು ಓಣಿಯ ಹುಡುಗರು ಸಾಲಿ ಬಿಟ್ಟು ಬರುತ್ತಿದ್ದರು. ನಾನು ಮತ್ತೆ ಮತ್ತೆ ಹಚ್ಚುತ್ತಲೇ ಇದ್ದೆ, ಅವಳು ಗೋಡೆಗೆ ಒರಗಿ ಕೊನೆಯವರೆಗೂ ಕೇಳುತ್ತಲೇ ಇದ್ದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮನೆಯಿಂದ ನಾನು ಚಹಾ ಕುಡಿಯದೆ ಬಂದೆ.